ಮೊಣಕಾಲಿಗೆ ಹಚ್ಚಿದ ಎಣ್ಣೆ ರಕ್ತಕ್ಕೂ ಹೋಗುತ್ತದಾ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಮಳೆ ಹಿಡಿದರೆ ಸಾಕು, ಮೊಣಕಾಲು ಊದುತ್ತದೆ. ಹರಳೆಣ್ಣೆಗೆ ಲಕ್ಕಿ ಸೊಪ್ಪು ಹಾಕಿ ಕಾಯಿಸಿ ಹಚ್ಚಿಕೊಳ್ಳುವುದು ಅವರ ರೂಢಿ. ಹೋದ ತಿಂಗಳಿಂದ ಮಡಿಕೇರಿಯಲ್ಲಿ ಕೊಂಡ ವಿಂಟರ್‌ಗ್ರೀನ್ ಎಣ್ಣೆಯನ್ನೂ ಬೆರೆಸುತ್ತಿದ್ದಾರೆ. ಇವಕ್ಕೆ ನಿಜವಾಗಿ ಊತ ಇಳಿಸುವ ಗುಣ ಇದೆಯಾ? ಅಂದ ಹಾಗೆ, ಹೃದಯದ ಕವಾಟ ಬದಲಿಸಿದ್ದರಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುತ್ತಾರೆ.
– ಓದುಗರು, ನಾಪೋಕ್ಲು

ಉತ್ತರ: ‘ಅಂದ ಹಾಗೆ’ ಎಂದು ಬರೆದಿರಲ್ಲ, ಮೊದಲು ಹೇಳಬೇಕಿದ್ದದ್ದೇ ಅದು. ವಿಂಟರ್‌ಗ್ರೀನ್ ಎಣ್ಣೆಯನ್ನು ಇವತ್ತೇ ನಿಲ್ಲಿಸಿ. ವಾರ್ಫರಿನ್ ಮಾತ್ರ ನಿಲ್ಲಿಸಬೇಡಿ, ಕವಾಟದಲ್ಲಿ ರಕ್ತ ಹೆಪ್ಪುಗಟ್ಟೀತು.

ಊತ ಇಳಿಸುವ ಗುಣ ವಿಂಟರ್‌ಗ್ರೀನ್ ಎಣ್ಣೆಗೆ ಇದೆ, ತೊಂದರೆಯೂ ಅಲ್ಲೇ ಇದೆ. ಅದರಲ್ಲಿ ಶೇ 95ಕ್ಕೂ ಹೆಚ್ಚು ಮೀಥೈಲ್ ಸ್ಯಾಲಿಸಿಲೇಟ್, ಅಂದರೆ ಆಸ್ಪಿರಿನ್‌ನ ದಾಯಾದಿ. ನೋವಿನ ಬಾಮ್‌ಗಳ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ವಾಸನೆಯಲ್ಲೂ ಇದರ ಪಾಲಿರುತ್ತದೆ. ಚರ್ಮದ ಮೂಲಕ ಒಳಗಿಳಿದು ಸ್ಯಾಲಿಸಿಲಿಕ್ ಆಮ್ಲವಾಗಿ ರಕ್ತ ಸೇರುತ್ತದೆ, ವಾರ್ಫರಿನ್‌ನ ಕೆಲಸವನ್ನು ಹೆಚ್ಚಿಸುತ್ತದೆ. ಬರೀ ಹಚ್ಚಿಕೊಂಡೇ ರಕ್ತಸ್ರಾವವಾದವರಿದ್ದಾರೆ. ಎಣ್ಣೆ ಹಚ್ಚಿ, ಕಂಬಳಿ ಸುತ್ತಿ, ಒಲೆ ಮುಂದೆ ಕಾಲು ಚಾಚಿ ಕೂರುವ ನಮ್ಮ ಕಡೆಯ ಅಭ್ಯಾಸ ಬೇರೆ! ಬಿಸಿ ತಾಗಿದಷ್ಟೂ ಹೆಚ್ಚು ಒಳಗಿಳಿಯುತ್ತದೆ.

ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಸೀಸೆಯನ್ನು ಅಟ್ಟಕ್ಕೇರಿಸಿ. ಈ ಎಣ್ಣೆ ಒಂದು ಟೀ ಚಮಚ ಎಂದರೆ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. ಹೃದಯಕ್ಕೆ ಕೊಡುವ 75 ಮಿಲಿಗ್ರಾಂ ಮಾತ್ರೆಯ ಲೆಕ್ಕದಲ್ಲಿ ತೊಂಬತ್ತಕ್ಕೂ ಮೇಲೆ. ಮಗು ಕುಡಿದರೆ ಜೀವಕ್ಕೇ ಅಪಾಯ. ನೀಲಗಿರಿ ಎಣ್ಣೆಯೂ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಇನ್ನು ಅತ್ತೆಯವರ ಹಳೇ ಎಣ್ಣೆ. ಹರಳೆಣ್ಣೆಯ ಹೆಚ್ಚು ಭಾಗ ರಿಸಿನೋಲಿಕ್ ಆಮ್ಲ. ಅದೂ ಲಕ್ಕಿ ಸೊಪ್ಪೂ ಪ್ರಯೋಗಾಲಯದ ಇಲಿಗಳಲ್ಲಿ ಊತ ತಗ್ಗಿಸಿವೆ. ಇಲಿಯ ಪಾದವೇ ಬೇರೆ, ಸವೆದ ಮೊಣಕಾಲೇ ಬೇರೆ. ನನ್ನ ಅಂದಾಜಿಗೆ ಅವರಿಗೆ ಸಿಗುವ ಸುಖದಲ್ಲಿ ಅರ್ಧಕ್ಕೂ ಹೆಚ್ಚು, ತಿಕ್ಕುವ ಕೈಯದ್ದು ಮತ್ತು ಬಿಸಿಯದ್ದು. ಹಚ್ಚಲಿ ಬಿಡಿ, ಗಾಯ, ಕೆರೆತ ಇಲ್ಲದ ಕಡೆ ಮಾತ್ರ, ಮೆಲ್ಲಗೆ. ಜೋರಾಗಿ ತಿಕ್ಕಿದರೆ ಅವರಿಗೆ ಚರ್ಮದಡಿ ರಕ್ತ ಕಟ್ಟೀತು. ಕಾಯಿಸುವಾಗ ಎಲೆಯ ಚಟಪಟ ಪೂರ್ತಿ ನಿಲ್ಲಬೇಕು. ನೀರಿನಂಶ ಉಳಿದರೆ ಇಲ್ಲಿನ ಮಳೆಗಾಲದಲ್ಲಿ ಎಣ್ಣೆ ಬೇಗ ಮುಗ್ಗುತ್ತದೆ.

ನೋವು ತಡೆಯಲಾಗದೆ ಅಂಗಡಿಯಿಂದ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಮಾತ್ರೆ ತರಿಸುವುದಂತೂ ಬೇಡವೇ ಬೇಡ. ವಸಡಿನಲ್ಲಿ ರಕ್ತ, ಕಾರಣವಿಲ್ಲದ ನೀಲಿ ಕಲೆ, ಕಪ್ಪು ಮಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಏನೂ ಕಾಣದಿದ್ದರೂ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ಹೋಗುವಾಗ ಆ ಸೀಸೆಯೂ ಚೀಲದಲ್ಲಿರಲಿ. ‘ಎಣ್ಣೆ ಹಚ್ಕೊಳ್ತೀನಿ ಡಾಕ್ಟ್ರೇ’ ಎಂದರೆ ನಮ್ಮಲ್ಲಿ ಹೆಚ್ಚಿನವರು ಯಾವ ಎಣ್ಣೆ ಎಂದು ಕೇಳುವುದೇ ಇಲ್ಲ.