ಪೈಪರಿನ್ ಕೊಟ್ಟರೆ ಕ್ಯಾನ್ಸರ್ ಔಷಧ ಮಿದುಳಿಗೆ ಹೋಗುತ್ತದೆಯೇ?

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧವನ್ನು ಇಲಿಯ ಮಿದುಳಿಗೆ ತಲುಪಿಸಲು ಕರಿಮೆಣಸಿನ ಸತ್ವವಾದ ಪೈಪರಿನ್ ಒಳ್ಳೆಯದೋ ಹೃದಯದ ಔಷಧವಾದ ವೆರಾಪಮಿಲ್ ಒಳ್ಳೆಯದೋ ಎಂದು ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಕ್ಯಾನ್ಸರ್ ಮಾತ್ರೆಯ ಜೊತೆ ಪೈಪರಿನ್ ಗುಳಿಗೆಯ ಯೋಚನೆಯಲ್ಲಿರುವ ಕಾರವಾರದ ನಿಮ್ಮ ಚಿಕ್ಕಪ್ಪನ ವಿಷಯಕ್ಕೆ ಕೊನೆಗೆ ಬರುತ್ತೇನೆ.

ನಾನೂ ಶಿರಸಿ ಕಡೆಯ ತೋಟದ ಮನೆಯವಳು. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡುತ್ತ ಬೆಳೆದವಳು. ನಮ್ಮ ಕಾಳಿನ ಸತ್ವ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪನ್ನು ತಡೆಯುತ್ತದೆ ಎಂದು ಓದಿದಾಗ ಎಂ.ಫಾರ್ಮಾ ಪ್ರಬಂಧಕ್ಕೆ ಬೇರೆ ವಿಷಯ ಹುಡುಕಲೇ ಇಲ್ಲ. ಬೈತಖೋಲ ಬಂದರಿನ ದೋಣಿಯೊಳಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುವ ಹಾಗೆ ಆ ಪಂಪು ಮಿದುಳಿನ ರಕ್ತನಾಳದ ಗೋಡೆಯಲ್ಲಿ ಕೂತು, ಒಳಬಂದ ಔಷಧವನ್ನು ಮರಳಿ ರಕ್ತಕ್ಕೆ ಚೆಲ್ಲುತ್ತದೆ. ಮೊಗೆಯುವವನ ಕೈ ಹಿಡಿದರೆ ಸಾಕು ಎಂದುಕೊಂಡೆ.

ಇಲಿಗಳಿಗೆ ಬಾಯಿಯ ಮೂಲಕ ಪೈಪರಿನ್ ಕೊಟ್ಟು, ಆಮೇಲೆ ಔಷಧ ಕೊಟ್ಟೆ. ಮಿದುಳು ತೆಗೆದು, ಅರೆದು, ಅಳೆದೆ. ಔಷಧ ಎರಡರಷ್ಟಾಗಿತ್ತು! ರಾತ್ರಿಯೇ ಮನೆಗೆ ಫೋನ್ ಮಾಡಿದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ ಮಾತು: "ರಕ್ತದಲ್ಲಿ ಎಷ್ಟಿತ್ತು?"

ನಾನು ರಕ್ತ ತೆಗೆದಿರಲೇ ಇಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಅದೇ ಪಂಪು ಕರುಳಿನಲ್ಲೂ ಇದೆ, ಪಿತ್ತನಾಳದ ಕಡೆಗೂ ಮೂತ್ರಪಿಂಡದಲ್ಲೂ ಇದೆ. ಪೈಪರಿನ್ ಕರುಳಿನ ಪಂಪನ್ನೂ ಔಷಧ ಒಡೆಯುವ ಸಿವೈಪಿ3ಎ4 ಕಿಣ್ವವನ್ನೂ ತಡೆಯುತ್ತದೆ. ಆಗ ರಕ್ತದಲ್ಲೇ ಔಷಧ ಏರುತ್ತದೆ. ರಕ್ತದಲ್ಲಿ 100 ಇದ್ದಾಗ ಮಿದುಳಿನಲ್ಲಿ 3 ಇತ್ತೆನ್ನಿ. ರಕ್ತದಲ್ಲಿ 200 ಆದಾಗ ಮಿದುಳಿನಲ್ಲಿ 6 ಆದರೆ ಬಾಗಿಲು ಕೂದಲೆಳೆಯಷ್ಟೂ ತೆರೆದಿಲ್ಲ, ಅನುಪಾತ ಇದ್ದಲ್ಲೇ ಇದೆ. ಇನ್ನೂ ಇದೆ. ತೊಳೆಯದ ಮಿದುಳಿನ ರಕ್ತನಾಳಗಳಲ್ಲಿ ಶೇ. 2ರ ಆಸುಪಾಸು ರಕ್ತ ಉಳಿದಿರುತ್ತದೆ. ಹಾಗಾದರೆ ಆ 3ರಲ್ಲಿ ಸುಮಾರು 2 ಮಿದುಳಿನದ್ದೇ ಅಲ್ಲ. ಲವಣದ್ರಾವಣ ಹಾಯಿಸಿ ತೊಳೆದಿದ್ದರೆ ಅರೆದದ್ದು ಬೆಳ್ಳಗಿರಬೇಕಿತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ "ತಿಳಿ ಗುಲಾಬಿ" ಎಂದಿದೆ. ಕಣ್ಣಿಗೆ ಕಂಡದ್ದನ್ನು ಬರೆದಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ಪ್ರಯೋಗ ಮೊದಲಿನಿಂದ ಮಾಡಬೇಕಾಯಿತು. ಶಿಷ್ಯವೇತನ ಮುಗಿದಿತ್ತು, ಆ ವರ್ಷದ ಮೆಣಸು ಮಾರಿ ಅಪ್ಪ ಶುಲ್ಕ ಕಟ್ಟಿದರು. ಈ ಸಲ ಒಂದೇ ಇಲಿಯಿಂದ, ಒಂದೇ ಹೊತ್ತಿಗೆ, ರಕ್ತವನ್ನೂ ತೊಳೆದ ಮಿದುಳನ್ನೂ ತೆಗೆದೆ. ಅನುಪಾತ ಅಲುಗಲಿಲ್ಲ.

ಹಾಗಾಗಿ "ಪಂಪಿಗೆ ಯಾವ ತಡೆ ಒಳ್ಳೆಯದು" ಎಂಬ ಪ್ರಶ್ನೆಯನ್ನೇ ಕೈಬಿಡಿ ಎನ್ನುತ್ತೇನೆ. ಆ ಗೋಡೆಯಲ್ಲಿ ಮೊಗೆಯುವವನು ಒಬ್ಬನೇ ಅಲ್ಲ, ಬಿಸಿಆರ್‌ಪಿ ಎಂಬ ಇನ್ನೊಂದು ಪಂಪೂ ಇದೆ. ಸ್ತನ ಕ್ಯಾನ್ಸರ್ ಔಷಧ ಲ್ಯಾಪಾಟಿನಿಬ್ ಉದಾಹರಣೆ ನೋಡಿ: ಪಿ-ಗ್ಲೈಕೋಪ್ರೋಟೀನ್ ಇಲ್ಲದ ಇಲಿಗಳ ಮಿದುಳಿನಲ್ಲಿ ಅದು ಮೂರ್ನಾಲ್ಕು ಪಟ್ಟು ಮಾತ್ರ ಏರಿತು, ಎರಡೂ ಇಲ್ಲದವುಗಳಲ್ಲಿ ಸುಮಾರು 40 ಪಟ್ಟು. ಎರಡನ್ನೂ ತಡೆಯುತ್ತೇನೆ ಎನ್ನಬೇಡಿ, ಆ ಪಂಪುಗಳು ಇರುವುದು ನಮ್ಮ ರಕ್ಷಣೆಗೆ. ನಮ್ಮ ಕೊಟ್ಟಿಗೆಯ ದನಕರುಗಳಿಗೂ ಕೊಡುವ ಐವರ್ಮೆಕ್ಟಿನ್ ಅನ್ನು ಪಿ-ಗ್ಲೈಕೋಪ್ರೋಟೀನ್ ಇಲ್ಲದ ಇಲಿಗಳಿಗೆ ನುಸಿ ಕಾಟಕ್ಕೆಂದು ಹಾಕಿದಾಗ ಅವು ಸತ್ತವು. 1994ರಲ್ಲಿ ವರದಿಯಾದ ಸಂಗತಿ ಇದು. ಪಂಪಿನ ಕೈಗೆ ಸಿಗದ ಅಣುವನ್ನು ಹುಡುಕುವುದೇ ಸರಿಯಾದ ದಾರಿ. ಶ್ವಾಸಕೋಶದ ಕ್ಯಾನ್ಸರಿನ ಔಷಧ ಕ್ರೈಜೋಟಿನಿಬ್ ಮಿದುಳಿನಲ್ಲಿ ಸೋತಿತು. ಅದೇ ರೋಗದ ಲೋರ್ಲಾಟಿನಿಬ್ ಅನ್ನು ಪಂಪಿಗೆ ಸುಲಭವಾಗಿ ಸಿಗದಂತೆಯೇ ರೂಪಿಸಿದರು, ಅದು ಮಿದುಳಿಗೆ ಹರಡಿದ ಗಡ್ಡೆಗಳ ಮೇಲೂ ಕೆಲಸ ಮಾಡುತ್ತದೆ. ನಿಮ್ಮ ಮಾರ್ಗದರ್ಶಕರು ಪೈಪರಿನ್ ಬಿಡಲು ಒಪ್ಪದಿದ್ದರೆ, ಪ್ರತಿ ಇಲಿಯ ಎದುರು ರಕ್ತದ ಅಂಕಣವೊಂದನ್ನು ಇಂದೇ ಗೆರೆ ಹಾಕಿಡಿ.

ಇನ್ನು ಚಿಕ್ಕಪ್ಪ. ಸಾರಿಗೆ ಹಾಕುವ ನಾಲ್ಕು ಕಾಳು ಬೇರೆ, ಪೈಪರಿನ್ ಸತ್ವದ ಗುಳಿಗೆ ಬೇರೆ. ಕ್ಯಾನ್ಸರ್ ಮಾತ್ರೆಯ ಜೊತೆ ಅದು ಸೇರಿದರೆ ರಕ್ತದಲ್ಲಿ ಔಷಧ ವೈದ್ಯರು ಲೆಕ್ಕ ಹಾಕಿದ ಮಟ್ಟವನ್ನು ಮೀರಬಹುದು. ಈಗಲೇ ಫೋನ್ ಮಾಡಿ, ಗುಳಿಗೆ ಶುರುಮಾಡಬೇಡಿ ಎನ್ನಿ. ಆಗಲೇ ತೆಗೆದುಕೊಳ್ಳುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಲಿ, ಹೋಗುವಾಗ ಡಬ್ಬಿಯನ್ನೂ ಕೊಂಡೊಯ್ಯಲಿ.