ಎಣ್ಣೆ, ಎಲುಬು ಮತ್ತು ನಿಮ್ಮೂರಿನ ಬೋರ್‌ವೆಲ್

ಕುಷ್ಟಗಿಯ ಗೆಳತಿಗೆ ನಮಸ್ಕಾರ.

‘ಕುಸುಬಿ ಎಣ್ಣೆ ಉಂಡರೆ ಎಲುಬು ಗಟ್ಟಿ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. ಕುಸುಬಿ ಎಣ್ಣೆಯಲ್ಲಿ ಸಿಎಲ್‌ಎ ಎಂಬ ಕೊಬ್ಬು ಇದೆ. ಅದನ್ನು ತಿನ್ನಿಸಿದ ಇಲಿಗಳ ಎಲುಬು ಗಟ್ಟಿಯಾಯಿತು. ನಿಮ್ಮ ಅಜ್ಜಿ ಜೀವನಪೂರ್ತಿ ಇದೇ ಎಣ್ಣೆ ಉಂಡವರು, ಅವರ ಬೆನ್ನು ಇನ್ನೂ ಬಾಗಿಲ್ಲ.

ಇಲ್ಲಿ ಮೊದಲ ಮಾತೇ ಸರಿಯಿಲ್ಲ. ನಮ್ಮ ಕಡೆಯ ಕುಸುಬಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಇರುವುದು ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬು. ಸಿಎಲ್‌ಎ ಅದರ ದಾಯಾದಿ, ಅದೇ ಅಲ್ಲ. ಹಸು, ಎಮ್ಮೆಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಸಿಎಲ್‌ಎ ತಯಾರಿಸುತ್ತವೆ. ಹಾಲು, ಬೆಣ್ಣೆ, ತುಪ್ಪದಲ್ಲಿ ಸ್ವಲ್ಪ ಸಿಗುತ್ತದೆ. ಅಂಗಡಿಯ ಸಿಎಲ್‌ಎ ಮಾತ್ರೆಗಳನ್ನು ಮಾತ್ರ ಹೆಚ್ಚಾಗಿ ಕುಸುಬಿ ಎಣ್ಣೆಯಿಂದಲೇ ಮಾಡುತ್ತಾರೆ, ಕಾರ್ಖಾನೆಯಲ್ಲಿ ಲಿನೋಲಿಯಿಕ್ ಆಮ್ಲದ ರಚನೆ ಬದಲಿಸಿ. ನೀವು ಎಡವಿದ್ದು ಬಹುಶಃ ಅಲ್ಲೇ. ಇನ್ನು ಇಲಿಗಳಲ್ಲಿ ಕಂಡ ಲಾಭ ಮನುಷ್ಯರ ಪ್ರಯೋಗಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಇದನ್ನು ಓದುಗರಿಗೆ ಹೇಳಲೇಬೇಕು.

ಕೊಬ್ಬಿಗೂ ಎಲುಬಿಗೂ ಸಂಬಂಧವೇ ಇಲ್ಲ ಎಂದಲ್ಲ. ನಮ್ಮ ಎಲುಬಿನಲ್ಲಿ ಕಟ್ಟುವ ಕೋಶಗಳೂ ಕರಗಿಸುವ ಕೋಶಗಳೂ ಸದಾ ಕೆಲಸ ಮಾಡುತ್ತಿರುತ್ತವೆ. ಲಿನೋಲಿಯಿಕ್‌ನಂಥ ಒಮೇಗಾ-6 ಕೊಬ್ಬಿನಿಂದ ದೇಹ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ವಸ್ತು ಮಾಡಿಕೊಳ್ಳುತ್ತದೆ. ಅದು ಹದವಾಗಿದ್ದರೆ ಕಟ್ಟುವವರಿಗೆ ಬಲ, ಜಾಸ್ತಿಯಾದರೆ ಕರಗಿಸುವವರಿಗೆ. ಅಗಸಿಯಲ್ಲಿ ಧಾರಾಳವಾಗಿರುವ ಒಮೇಗಾ-3 ಇದಕ್ಕೆ ಲಗಾಮು ಹಾಕಬಲ್ಲದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅಂದರೆ ಪ್ರಶ್ನೆ ಒಂದು ಎಣ್ಣೆಯದಲ್ಲ, ಇಡೀ ಊಟದ್ದು. ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿಗೆ ಅಗಸಿ ಹಿಂಡಿ (ಚಟ್ನಿಪುಡಿ) ಹಚ್ಚಿಕೊಳ್ಳುತ್ತೀರಿ, ಅಲ್ವಾ? ಅದರ ಸುದ್ದಿಯೇ ಲೇಖನದಲ್ಲಿಲ್ಲ!

ಗಾಣದ ಪ್ಯಾರಾ ಬಹಳ ಚೆನ್ನಾಗಿದೆ. ಎಣ್ಣೆ ಇಳಿದ ಮೇಲೆ ಬಿಸಿಬಿಸಿ ಎಳ್ಳಿನ ಹಿಂಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಜ್ಜಿ ಎಮ್ಮೆಯ ಮುಂದೆ ಸುರಿಯುವುದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಆದರೆ ಮರುಸಾಲಿನಲ್ಲೇ ‘ಎಳ್ಳೆಣ್ಣೆಯಲ್ಲಿ ಕ್ಯಾಲ್ಸಿಯಂ ಹೇರಳ’ ಎನ್ನುತ್ತೀರಿ. ಸಿಪ್ಪೆ ಸಹಿತ ಎಳ್ಳಿನ 100 ಗ್ರಾಂನಲ್ಲಿ 1,000 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇರುತ್ತದೆ ನಿಜ. ಆದರೆ ಅದು ಎಣ್ಣೆಗೆ ಇಳಿಯುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ನೀವು ಹೊಗಳಿದ ಕ್ಯಾಲ್ಸಿಯಂ ಎಮ್ಮೆಯ ಪಾಲಾಯಿತು. ನೀವು ನೋಡಿದ್ದೇ ನಿಮಗೆ ಉತ್ತರ ಹೇಳುತ್ತಿದೆ. ಅದನ್ನೇ ಬರೆಯಿರಿ.

ಅಜ್ಜಿಯನ್ನು ಸುಮ್ನೆ ಸಾಕ್ಷಿಯಾಗಿ ನಿಲ್ಲಿಸಬೇಡಿ. ಅವರು ಬಿಸಿಲಲ್ಲಿ ಕಳೆ ತೆಗೆದವರು, ತಲೆ ಮೇಲೆ ಕೊಡ ಹೊತ್ತವರು, ಮಜ್ಜಿಗೆ ಕುಡಿದವರು. ಬಿಸಿಲಿನಿಂದ ವಿಟಮಿನ್ ಡಿ, ಭಾರ ಹೊತ್ತರೆ ಎಲುಬಿಗೆ ಕಸುವು. ಇದೆಲ್ಲ ಬಿಟ್ಟು ಎಣ್ಣೆಗೊಂದಕ್ಕೇ ಕೀರ್ತಿ ಕೊಟ್ಟರೆ ಅಜ್ಜಿಗೇ ಅನ್ಯಾಯ.

ನನಗೆ ಹೆಚ್ಚು ನೋವಾಗಿದ್ದು ಇನ್ನೊಂದಕ್ಕೆ. ಕೊಪ್ಪಳ ಜಿಲ್ಲೆಯಲ್ಲಿ ಕೂತು ಎಲುಬಿನ ಬಗ್ಗೆ ಬರೆದಿದ್ದೀರಿ, ನೀರಿನ ಬಗ್ಗೆ ಒಂದು ಸಾಲೂ ಇಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂನ ಮಿತಿ ದಾಟಿದೆ. ಅಂಥ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆ ಪೆಟ್ಟು ಇನ್ನೂ ಜೋರು. ಮಂಡಿನೋವಿನ ತಾಯಿಯೊಬ್ಬಳು ನಿಮ್ಮ ಲೇಖನ ಓದಿ ಎಣ್ಣೆ ಬದಲಿಸಿ, ಅದೇ ಬೋರ್‌ವೆಲ್ ನೀರು ಕುಡಿಯುತ್ತಾ ಕೂತರೆ?

ಹಾಗಾಗಿ ತಿದ್ದುವಾಗ ನೀರಿನಿಂದಲೇ ಶುರು ಮಾಡಿ. ನಿಮ್ಮೂರಿನ ನೀರಿನ ಪರೀಕ್ಷೆಯ ವರದಿಯನ್ನು ಪಂಚಾಯಿತಿಯಲ್ಲಿ ಕೇಳಿ ಪಡೆಯಿರಿ. ಗಾಣ, ಎಮ್ಮೆ, ಅಗಸಿ ಹಿಂಡಿ ಇರಲಿ. ಸಿಎಲ್‌ಎಗೆ ನಾಲ್ಕು ಸಾಲು ಸಾಕು. ಪ್ಯಾಕೆಟ್ ಎಣ್ಣೆ ಕೊಳ್ಳುವವರಿಗೆ ‘+ಎಫ್’ ಗುರುತು ನೋಡಲು ಹೇಳಿ, ಅದರಲ್ಲಿ ವಿಟಮಿನ್ ಎ, ಡಿ ಸೇರಿಸಿರುತ್ತಾರೆ. ಬರೆದದ್ದನ್ನು ಹತ್ತಿರದ ವೈದ್ಯರೊಬ್ಬರಿಗೆ ಓದಿಸಿ, ಆಮೇಲೆ ಕಳಿಸಿ. ನಾನು ಕಾಯುತ್ತೇನೆ.