ಪರದೆ ಕಪ್ಪಾದ ಮಾತ್ರಕ್ಕೆ ಕಂಪ್ಯೂಟರ್ ಆರಿದಂತಲ್ಲ

ಶಟ್‌ಡೌನ್ ಒತ್ತಿ, ಪರದೆ ಕಪ್ಪಾಗುತ್ತಿದ್ದಂತೆಯೇ ಗೋಡೆಯ ಸ್ವಿಚ್ ಆರಿಸುತ್ತೇನೆ, ಇದರಿಂದ ಡಿಸ್ಕ್ ಕೆಟ್ಟೀತೇ, ರೈಟ್ ಕ್ಯಾಶಿಂಗ್ (ಡಿಸ್ಕ್ ಮಾಹಿತಿಯನ್ನು ಮೊದಲು ತನ್ನ ಮೆಮೊರಿಯಲ್ಲಿಟ್ಟುಕೊಂಡು ಆಮೇಲೆ ಬರೆಯುವ ಏರ್ಪಾಡು) ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ಕ್ಯಾಶಿಂಗ್ ಇರಲಿ, ಆ ಅಭ್ಯಾಸ ಬಿಡಿ.

ನೀವು ‘ಸೇವ್’ ಒತ್ತಿದ ಫೈಲು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಮೊದಲು ರ್‍ಯಾಮ್‌ನಲ್ಲಿ, ಅಂದರೆ ಕರೆಂಟ್ ಹೋದರೆ ಅಳಿಸಿಹೋಗುವ ತಾತ್ಕಾಲಿಕ ಮೆಮೊರಿಯಲ್ಲಿ, ಕೂರುತ್ತದೆ. ಲಿನಕ್ಸ್‌ನಲ್ಲಾದರೆ 30 ಸೆಕೆಂಡು ಅಲ್ಲಿಯೇ ಕುಳಿತಿದ್ದರೂ ಆಶ್ಚರ್ಯವಿಲ್ಲ. ಅಲ್ಲಿಂದ ಹೊರಟ ಮೇಲೂ ದಾರಿ ಮುಗಿಯುವುದಿಲ್ಲ. ಡಿಸ್ಕಿನೊಳಗೇ ಇನ್ನೊಂದು ಪುಟ್ಟ ಮೆಮೊರಿ ಇದೆ. ಮಾಹಿತಿ ಅದರ ಕೈಸೇರಿದೊಡನೆ ಡಿಸ್ಕ್ ‘ಬರೆದಾಯಿತು’ ಎಂದುಬಿಡುತ್ತದೆ, ಬರೆಯುವುದು ಆಮೇಲೆ. ‘ಆಗಿದೆ ಸಾರ್’ ಎನ್ನುತ್ತಲೇ ಫೈಲನ್ನು ಮೇಜಿನ ಮೇಲಿಟ್ಟುಕೊಂಡ ಗುಮಾಸ್ತನ ಹಾಗೆ. ಶಟ್‌ಡೌನ್ ಎಂದರೆ ಈ ಎರಡೂ ಬಾಕಿಯನ್ನು ತೀರಿಸುವ ಹೊತ್ತು, ಪರದೆ ಆರಿದ ಮೇಲೂ ಅದು ನಡೆದಿರಬಹುದು.

ಇದು ಹಳೆಯ ಕಾಯಿಲೆ. ವಿಂಡೋಸ್ 95ರ ಕಾಲದಲ್ಲಿ ‘ಈಗ ಕಂಪ್ಯೂಟರ್ ಆರಿಸಬಹುದು’ ಎಂಬ ಕಿತ್ತಳೆ ಬಣ್ಣದ ಅಕ್ಷರ ಓದಿ, ಬಗ್ಗಿ ಗುಂಡಿ ಒತ್ತುವಷ್ಟರಲ್ಲಿ ಡಿಸ್ಕಿಗೆ ಪುರಸೊತ್ತು ಸಿಗುತ್ತಿತ್ತು. ಯಂತ್ರವೇ ತನ್ನ ವಿದ್ಯುತ್ ಕಡಿದುಕೊಳ್ಳಲು ಕಲಿತ ಮೇಲೆ, ಪ್ರೊಸೆಸರ್‌ಗಳ ವೇಗವೂ ಏರಿ, ವಿಂಡೋಸ್ 98ರ ಕೆಲವು ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ಬರೆದು ಮುಗಿಸುವ ಮೊದಲೇ ಕರೆಂಟ್ ಹೋಗತೊಡಗಿತು. ಮೈಕ್ರೋಸಾಫ್ಟ್ ಕೊಟ್ಟ ಮದ್ದೇನು ಗೊತ್ತೇ? ಶಟ್‌ಡೌನ್ ವೇಳೆ 2 ಸೆಕೆಂಡು ಸುಮ್ಮನೆ ಕಾಯಿಸುವ ಒಂದು ಪ್ಯಾಚ್.

‘ಈಗ ಜರ್ನಲಿಂಗ್ ಇದೆಯಲ್ಲ, ಮಾಡುವ ಬದಲಾವಣೆಯನ್ನು ಮೊದಲೇ ದಿನಚರಿಯಲ್ಲಿ ಬರೆದಿಡುತ್ತದಲ್ಲ’ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಯಾದ ಎನ್‌ಟಿಎಫ್‌ಎಸ್‌ನ ಜರ್ನಲ್ ಕಾಯುವುದು ಫೈಲಿನ ಹೆಸರು, ಗಾತ್ರ, ಜಾಗದ ಲೆಕ್ಕವನ್ನು, ಒಳಗಿನ ಹೂರಣವನ್ನಲ್ಲ. ಇದನ್ನು ನಾನು ಕಲಿತದ್ದು ಒಂದು ಸಂಜೆ ಅವಸರದಲ್ಲಿ ಸ್ಪೈಕ್ ಬಸ್ಟರ್ ಆರಿಸಿ. ಮರುದಿನ ನನ್ನ ಖರ್ಚಿನ ಲೆಕ್ಕದ ಫೈಲು ಅಲ್ಲೇ ಇತ್ತು, 14 ಕೆಬಿ ಎಂದೇ ತೋರಿಸುತ್ತಿತ್ತು. ತೆರೆಯಲಿಲ್ಲ. ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ನೋಡಿದರೆ ಮೊದಲಿನಿಂದ ಕೊನೆಯವರೆಗೆ ಸೊನ್ನೆಗಳ ಸಾಲು. ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ ಓಡಿಸಿದೆ: ‘ಯಾವ ದೋಷವೂ ಇಲ್ಲ.’ ಅದು ಸುಳ್ಳು ಹೇಳಿರಲಿಲ್ಲ. ಫೈಲ್‌ ಸಿಸ್ಟಮ್ ಸರಿಯಾಗಿಯೇ ಇತ್ತು, ಹೋದದ್ದು ನನ್ನ ಲೆಕ್ಕ.

ಇನ್ನು ನಿಮ್ಮ ಸೆಟ್ಟಿಂಗ್‌ಗೆ ಬರೋಣ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ‘ಪಾಲಿಸೀಸ್’ ಪುಟದಲ್ಲಿ ಎರಡು ಚೌಕಗಳಿರುತ್ತವೆ. ಮೊದಲನೆಯದು ರೈಟ್ ಕ್ಯಾಶಿಂಗ್. ಅದನ್ನು ತೆಗೆದರೆ ಡಿಸ್ಕ್ ಆಮೆಯಾಗುತ್ತದೆ, ರ್‍ಯಾಮ್‌ನಲ್ಲಿ ಕುಳಿತದ್ದಕ್ಕಂತೂ ರಕ್ಷಣೆ ಸಿಗುವುದಿಲ್ಲ. ಎರಡನೆಯದು ಬಫರ್ ಫ್ಲಶಿಂಗ್, ಅಂದರೆ ‘ಒಳಗಿಟ್ಟುಕೊಂಡದ್ದನ್ನು ಈಗಲೇ ಬರೆ’ ಎಂದು ವಿಂಡೋಸ್ ಡಿಸ್ಕಿಗೆ ಹೇಳುವುದನ್ನು, ನಿಲ್ಲಿಸುವಂಥದ್ದು. ಡಿಸ್ಕಿಗೆ ತನ್ನದೇ ಬ್ಯಾಟರಿ ಬೆಂಬಲವಿಲ್ಲದಿದ್ದರೆ ಅದರ ತಂಟೆಗೇ ಹೋಗಬೇಡಿ.

ಕ್ಯಾಬಿನೆಟ್ಟಿನ ದೀಪ ಆರಿ, ಫ್ಯಾನಿನ ಸದ್ದು ನಿಂತ ಮೇಲೆ ಗೋಡೆಯ ಸ್ವಿಚ್ ಮುಟ್ಟಿ. ನಿಮ್ಮಲ್ಲಿ ಕರೆಂಟ್ ಪದೇ ಪದೇ ಹೋಗುತ್ತದೆಂದರೆ ಚಿಕ್ಕದೊಂದು ಯುಪಿಎಸ್ ಕೊಳ್ಳಿ. ಬ್ಯಾಟರಿ ಇರುವ ಲ್ಯಾಪ್‌ಟಾಪ್ ಆದರೆ ಸ್ವಿಚ್ ಯಾವಾಗ ಆರಿಸಿದರೂ ಚಿಂತೆಯಿಲ್ಲ.